ಕಾಕಾ ಹೂಂ ಅನ್ನಲಿಲ್ಲ

ಯಾರನ್ನೂ ನಂಬಿಸುವ ಉದ್ದೇಶ ನನಗಿಲ್ಲ. ಪತ್ರಿಕೆಯ ರಾತ್ರಿ ಪಾಳಿಯಲ್ಲಿ ಬಹಳ ವರ್ಷ ಕೂತವನು ನಾನು. ಒಬ್ಬರೇ ಹೇಳಿದ ಮಾತನ್ನು ಅಚ್ಚಿಗೆ ಕಳಿಸಿದವನಲ್ಲ. ಇಲ್ಲಿರುವುದು ನಾನು ಕಂಡದ್ದು ಮತ್ತು ಇನ್ನೊಬ್ಬ ಮನುಷ್ಯ ಕೇಳಿದ್ದು, ಅಷ್ಟೇ. ಆದರೆ ನಡೆದದ್ದು ನಿಜ.

ನಮ್ಮ ಆವೃತ್ತಿ ನಿಂತ ಮೇಲೆ ದೇಶಪಾಂಡೆ ನಗರದ ಒಬ್ಬ ಸರ್ಕಾರಿ ಗುತ್ತಿಗೆದಾರರ ಕಚೇರಿ ಸೇರಿದೆ. ಹೆಸರು ಮಲ್ಲಣ್ಣ ಎಂದಿಟ್ಟುಕೊಳ್ಳಿ. ಚರಂಡಿ ಕೆಲಸದಿಂದ ಶುರು ಮಾಡಿದವರು ನೋಡನೋಡುತ್ತ ಶಾಲಾ ಕೊಠಡಿ, ರಸ್ತೆ, ಸೇತುವೆ ಎಂದು ಬೆಳೆದುಬಿಟ್ಟಿದ್ದರು. ಯಾವ ಊರಿನಲ್ಲಿ ಎಷ್ಟು ಕೆಲಸವಾಗಿದೆ ಎಂಬುದು ಅವರಿಗೇ ತಿಳಿಯದಂತಾದಾಗ ಲೆಕ್ಕದ ಸಾಫ್ಟ್‌ವೇರ್ ಹಾಕಿಸಿದರು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

"ಸಂಪಾದಕರ, ನಿಮಗ ರಾತ್ರಿ ಎಚ್ಚರ ಇರೂ ರೂಢಿ ಐತಿ. ನಮಗ ಅಂಥವರ ಬೇಕಾಗಿತ್ತು," ಎಂದು ನಕ್ಕಿದ್ದರು. ನಾನು ಸಂಪಾದಕನಾಗಿರಲಿಲ್ಲ. ತಿದ್ದಲು ಹೋಗಲಿಲ್ಲ. ಕೆಲಗೇರಿಯ ಬಾಡಿಗೆ ಕೋಣೆಯಲ್ಲಿ ನನ್ನ ದಾರಿ ಕಾಯುವವರು ಯಾರೂ ಇರಲಿಲ್ಲ.

ಆ ಸಾಫ್ಟ್‌ವೇರಿನಲ್ಲಿ ಒಂದು ನಿಯಮವಿತ್ತು. ಕೆಲಸದ ಒಂದು ಹಂತಕ್ಕೆ ಒಪ್ಪಿಗೆ ಸಿಗದೆ ಮುಂದಿನ ಬಿಲ್ ತಯಾರಾಗುವುದಿಲ್ಲ. ಸ್ಲ್ಯಾಬಿನ ಹಂತಕ್ಕೆ ಒಪ್ಪಿಗೆ ಕೊಡಬೇಕಾದವರು ಗುಡುಸಾಬ ಕಾಕಾ, ಮಲ್ಲಣ್ಣನವರ ಮೊದಲ ಕೆಲಸದಿಂದಲೂ ಜೊತೆಗಿದ್ದ ಸೆಂಟ್ರಿಂಗ್ ಮೇಸ್ತ್ರಿ. ಸ್ಲ್ಯಾಬಿಗೆ ಆಸರೆಯಾಗಿ ನಿಲ್ಲಿಸಿದ ಕಂಬಗಳನ್ನು ಬಿಚ್ಚುವ ಮುಂಚೆ ಕಾಕಾ ಒಬ್ಬರೇ ಕೆಳಗೆ ಹೋಗುತ್ತಿದ್ದರು. ಕಂಬಕ್ಕೆ ಸುತ್ತಿಗೆಯಿಂದ ಒಂದು ಏಟು. ಕಿವಿಗೊಟ್ಟು ನಿಲ್ಲುವುದು. ಆಮೇಲೆ ಮುಂದಿನ ಕಂಬ. ಕೊನೆಗೆ ಹೊರಬಂದು "ಹೂಂ" ಎಂದರೆ ಮಾತ್ರ ಹುಡುಗರು ಕೈ ಹಚ್ಚುತ್ತಿದ್ದರು. ಆ "ಹೂಂ" ಅನ್ನೇ ಮಲ್ಲಣ್ಣ ಕಾಕಾನ ಮೊಬೈಲಿನಲ್ಲಿ ಒಂದು ಗುಂಡಿಯಾಗಿ ಮಾಡಿಸಿದ್ದರು.

ಕಾಕಾ ತೀರಿಕೊಂಡರು. ಮೊಬೈಲ್ ಕಚೇರಿಯ ಡ್ರಾಯರಿನಲ್ಲಿ ಉಳಿಯಿತು.

"ಹೆಸರ ತಗದ್ರ ಎಲ್ಲಾ ಕಡೆ ಕೆಲಸ ನಿಂದರತೈತಿ," ಎಂದು ಮಲ್ಲಣ್ಣ ತಾವೇ ಆ ಮೊಬೈಲ್ ತೆಗೆದು ಗುಂಡಿ ಒತ್ತುತ್ತಿದ್ದರು. "ಕಾಕಾನ ಕೈಗುಣ ಛಲೋ ಐತಿ. ಇರಲಿ ಬಿಡ್ರಿ."

ಆ ರಾತ್ರಿ ಅವರು ಊರಲ್ಲಿರಲಿಲ್ಲ. ಫೋನ್ ಮಾಡಿದರು.

"ಅಮ್ಮಿನಬಾವಿ ಸಾಲಿ ಕೋಣಿ ಬಿಲ್ ಮುಂಜಾನಿ ಹೋಗಬೇಕು. ಕಾಕಾನ ಫೋನಿನ್ಯಾಗ ಹೂಂ ಒತ್ತಿಬಿಡ್ರಿ. ಬೆಳಕ ಹರದ ಕೂಡ್ಲೆ ಹುಡುಗರು ಕಂಬ ಬಿಚ್ಚತಾರ."

"ಸ್ಲ್ಯಾಬ್ ಯಾರ ನೋಡ್ಯಾರ್ರಿ?"

"ನಿಂಗಪ್ಪ ಅಲ್ಲೇ ಅದಾನಲ್ರಿ."

"ಅಂವ ವಾಚಮನ್ ರಿ, ಮಲ್ಲಣ್ಣಾರ."

"ಸಂಪಾದಕರ, ಇದು ಪೇಪರ್ ಅಲ್ಲ. ಒತ್ತರಿ."

ಸ್ಲ್ಯಾಬ್ ಸರಿಯಾಗಿ ಗಟ್ಟಿಯಾಗಿರದಿದ್ದರೆ, ಬಿಚ್ಚುವ ಹುಡುಗರ ತಲೆಯ ಮೇಲೇ ಬೀಳುತ್ತದೆ. ಅಷ್ಟು ನನಗೂ ಗೊತ್ತಿತ್ತು. ಆದರೂ ಡ್ರಾಯರ್ ಎಳೆದೆ.

ತೊಯ್ದ ಗೋಣಿಚೀಲದ ವಾಸನೆ... ಹೊಸ ಸ್ಲ್ಯಾಬಿನ ಮೇಲೆ ನೀರುಣಿಸಲು ಹಾಸುತ್ತಾರಲ್ಲ, ಅದೇ. ಒಳಗೆ ಒಣ ಕಾಗದ ಬಿಟ್ಟರೆ ಏನೂ ಇರಲಿಲ್ಲ. ಮೊಬೈಲಿನ ಅಂಚಿನಲ್ಲಿ ಸಿಮೆಂಟಿನ ಪುಡಿ ಇನ್ನೂ ಅಂಟಿತ್ತು.

ಒತ್ತಿದೆ. ನನ್ನ ಕಂಪ್ಯೂಟರಿನಲ್ಲಿ ಆ ಕೆಲಸದ ಸಾಲು ಹಸಿರಾಯಿತು.

ನೀರು ಕುಡಿದು ಬಂದು ನೋಡಿದರೆ ಕೆಂಪು. "ವಾಪಸ್" ಎಂದಿತ್ತು. ವಾಪಸ್ ಮಾಡಿದವರು: ಗುಡುಸಾಬ. ಒತ್ತಿದ ಸ್ಥಳವನ್ನೂ ಸಾಫ್ಟ್‌ವೇರ್ ತೋರಿಸುತ್ತದೆ. ಅಮ್ಮಿನಬಾವಿ.

ಮೊಬೈಲ್ ನನ್ನ ಅಂಗೈಯಲ್ಲಿತ್ತು.

ಮತ್ತೆ ಒತ್ತಿದೆ. ಹಸಿರು... ಈ ಸಲ ಕಣ್ಣು ಕದಲಿಸದೆ ಕೂತೆ. ಫ್ಯಾನಿನ ಸದ್ದು. ಹೊರಗೆ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಕೆಂಪು.

ನೆಟ್‌ವರ್ಕ್ ತಪ್ಪಿರಬಹುದು ಎಂದುಕೊಂಡೇ ನಿಂಗಪ್ಪನಿಗೆ ಫೋನ್ ಮಾಡಿದೆ. ನಾನು ಕಂಡದ್ದನ್ನು ಹೇಳಲಿಲ್ಲ. ಸಾಕ್ಷಿಯ ಬಾಯಿಗೆ ನಮ್ಮ ಮಾತು ಇಡಬಾರದು. ಅದು ಹಳೆಯ ಶಿಸ್ತು.

"ನಿಂಗಪ್ಪ, ಎಲ್ಲಾ ಬರೋಬ್ಬರಿ ಐತೇನು?"

ಅವನು ದನಿ ತಗ್ಗಿಸಿ ಕೇಳಿದ.

"ಸರ... ಯಾರನ್ನರ ಕಳಿಸೀರೇನು?"

"ಇಲ್ಲಪ್ಪ. ಯಾಕ?"

"ಸ್ಲ್ಯಾಬಿನ ಬುಡಕ ಯಾರೋ ಕಂಬ ಬಡಿಯಾಕತ್ತಾರ್ರಿ. ಒಂದ ಏಟು... ಆಮ್ಯಾಲ ಸುಮ್ಮಗ. ಬ್ಯಾಟರಿ ಬಿಟ್ಟು ನೋಡಿದೆ. ಯಾರೂ ಇಲ್ರಿ." ದನಿ ಇನ್ನೂ ತಗ್ಗಿತು. "ಮೊದಲ ಎಲ್ಲಾ ಕಂಬಾ ಬಡದ್ರು. ಈಗ ಒಂದ ಮೂಲ್ಯಾಗ ನಿಂತಾರ್ರಿ. ಅಲ್ಲಿಂದ ಮುಂದ ಹೋಗವಲ್ಲರು."

"ಫೋನ್ ಆ ಕಡೆ ಹಿಡಿ."

ಗಾಳಿ. ಹುಳಗಳ ಸದ್ದು. ಆಮೇಲೆ, ಸ್ಪಷ್ಟವಾಗಿ...

ಟಕ್.

ಒಬ್ಬ ಮನುಷ್ಯ ಕಿವಿಗೊಟ್ಟು ನಿಲ್ಲುವಷ್ಟು ಹೊತ್ತು ಮೌನ.

ಟಕ್.

"ನಿಂಗಪ್ಪ, ಮುಂಜಾನಿ ಯಾರಿಗೂ ಕಂಬ ಮುಟ್ಟಾಕ ಬಿಡಬ್ಯಾಡ."

"ಸಾವ್ಕಾರ್ರು ಬೈತಾರ್ರಿ."

"ನನ್ನ ಹೆಸರ ಹೇಳು."

"ಹೇಳತೇನ್ರಿ. ಸರ... ಫೋನ್ ಮಾತ್ರ ಇಡಬ್ಯಾಡ್ರಿ."

ಇಡಲಿಲ್ಲ. ನಡುನಡುವೆ ಅವನು "ಸರ, ಅದೀರೇನು?" ಎನ್ನುವನು. "ಅದೀನಪ್ಪ," ಎನ್ನುವೆ. ಬಹಳ ವರ್ಷಗಳ ಮೇಲೆ ಒಬ್ಬರು ನಾನಿದ್ದೇನೆಯೇ ಎಂದು ಕೇಳಿದ್ದು ಆ ರಾತ್ರಿ. ಬೆಳಕು ಹರಿಯುವ ಹೊತ್ತಿಗೆ ಸದ್ದು ನಿಂತಿತ್ತು. "ಹೂಂ" ಎಂಬುದು ಮಾತ್ರ ಕೇಳಿಸಲಿಲ್ಲ. ಇಬ್ಬರಿಗೂ.

ಮಲ್ಲಣ್ಣ ಬಂದು ಕೂಗಾಡಿದರು. "ನಿಮ್ಮಂಥವರ ಕೈಯಾಗ ಪೇಪರ್ ಮುಚ್ಚಿದ್ದು ಏನ್ ಆಶ್ಚರ್ಯ!" ಆದರೆ ಕಂಬಕ್ಕೆ ಕೈ ಹಚ್ಚಿಸಲಿಲ್ಲ, ನಿಂಗಪ್ಪ ಹೇಳಿದ್ದನ್ನು ಕೇಳಿ ಅವರ ಮುಖವೂ ಇಳಿದಿತ್ತು. ಎಂಜಿನಿಯರ್ ಕರೆಸಿ ಯಂತ್ರದಿಂದ ಪರೀಕ್ಷೆ ಮಾಡಿಸಿದರು. ಯಾವ ಮೂಲೆಯಲ್ಲೂ ದೋಷ ಸಿಗಲಿಲ್ಲ. ಇನ್ನಷ್ಟು ದಿನ ಬಿಟ್ಟು ಕಂಬ ಬಿಚ್ಚಿದರು. ಸ್ಲ್ಯಾಬ್ ನಿಂತಿತು. ಮಲ್ಲಣ್ಣ ಆ ಬಿಲ್ಲನ್ನು ತಮ್ಮ ಹೆಸರಿನಲ್ಲೇ ದಾಟಿಸಿದರು. ಈಗ ಪ್ರತಿ ಊರಿನ ಸ್ಲ್ಯಾಬಿಗೂ ಅಲ್ಲಿಯ ಮೇಸ್ತ್ರಿಯದೇ ಒಪ್ಪಿಗೆ. ಸಾಫ್ಟ್‌ವೇರಿನವರು ಟವರಿನ ಗೊಂದಲ ಎಂದರು. ಇರಬಹುದು. ಸದ್ದಿನ ಬಗ್ಗೆ ನಾನು ಅವರನ್ನು ಕೇಳಲಿಲ್ಲ.

ಅಂದೇ ಕಂಬ ಬಿಚ್ಚಿದ್ದರೆ ಸ್ಲ್ಯಾಬ್ ಬೀಳುತ್ತಿತ್ತೋ ಇಲ್ಲವೋ, ಹೇಳುವವರು ಯಾರೂ ಇಲ್ಲ. ಆಗದೇ ಉಳಿದದ್ದರ ಸುದ್ದಿ ಯಾರೂ ಬರೆಯುವುದಿಲ್ಲ.

ಕಳೆದ ತಿಂಗಳು ಆ ಶಾಲೆಗೆ ಹೋಗಿದ್ದೆ. ಹೊಸ ಕೋಣೆಯಲ್ಲಿ ಪಾಠ ನಡೆದಿತ್ತು. ಬಾಗಿಲಿನಾಚೆ ಬಿಸಿಲಲ್ಲಿ ನಿಂತ ನನ್ನನ್ನು ಕಂಡು ಟೀಚರ್, "ಒಳಗ ಬರ್ರಿ ಸರ, ನೆರಳೈತಿ," ಎಂದರು.

ನಿಂಗಪ್ಪ ಹೇಳಿದ್ದ ಮೂಲೆಯಲ್ಲಿ ಇಬ್ಬರು ಹುಡುಗಿಯರು ಗೋಡೆಗೆ ಒರಗಿ ಬರೆಯುತ್ತಿದ್ದರು.

"ಆ ಮಕ್ಕಳನ್ನ ಸ್ವಲ್ಪ ಈಚೆ ಕುಂದರಸ್ರಿ," ಎಂದೆ.

"ಯಾಕ್ರಿ?"

ಅಚ್ಚಿಗೆ ಕಳಿಸಬಹುದಾದ ಉತ್ತರ ನನ್ನ ಬಳಿ ಇರಲಿಲ್ಲ.