ಬ್ಯಾಗಿನಲ್ಲಿದ್ದ ಟೀಸಿ

ನಮ್ಮದು ಹಳೇಬೀಡಿನ ಹತ್ತಿರದ ಸಣ್ಣ ಹೈಸ್ಕೂಲು. ಎಂಟರಿಂದ ಹತ್ತರವರೆಗೆ ಪಾಠದ ಜೊತೆ ವೈರಿಂಗು, ಹೊಲಿಗೆ ಕಲಿಸುತ್ತೇವೆ. ಕಲಿಸುತ್ತೇವೆ ಅಂತ ಬೋರ್ಡಿನ ಮೇಲಿದೆ, ಅಷ್ಟೇ. ವೈರಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಅರಸೀಕೆರೆಯ ಇನ್ನೊಂದು ಶಾಲೆಯವರು. ಇನ್‌ಚಾರ್ಜ್ ಅಂತ ವಾರಕ್ಕೆ ಎರಡು ದಿನ ಬಂದು ಸಹಿ ಹಾಕಿ ಹೋಗುತ್ತಾರೆ. ಹೊಲಿಗೆಗೆ ನಾನು, ಅತಿಥಿ ಶಿಕ್ಷಕಿ. ಹನ್ನೊಂದು ವರ್ಷದಿಂದ ಅತಿಥಿ! ಯಾರ ಮನೆಯಲ್ಲಿ ಇಷ್ಟು ವರ್ಷ ಅತಿಥಿಯನ್ನು ಇಟ್ಟುಕೊಳ್ಳುತ್ತಾರೆ ಹೇಳಿ.

ಎಂಟನೇ ಕ್ಲಾಸಿಗೆ ಹದಿನೈದು ಮಕ್ಕಳು ಸೇರದಿದ್ದರೆ ಹೊಲಿಗೆ ವಿಭಾಗ ಮುಚ್ಚುತ್ತೇವೆ ಅಂತ ಈ ವರ್ಷ ಮೇಲಿನಿಂದ ಮಾತು ಬಂತು. ಮುಚ್ಚಿದರೆ ನಾನು ಮನೆಗೆ. ಬೇಸಿಗೆ ರಜೆಯೆಲ್ಲ ಮಕ್ಕಳನ್ನು ಹುಡುಕುತ್ತಾ ಊರೂರು ಅಲೆದೆ. ಈ ಅಲೆದಾಟಕ್ಕೆ ನಮ್ಮಲ್ಲೊಂದು ರೂಢಿ ಇದೆ. ಮನೆಯವರು "ಕಳಿಸ್ತೀವಿ" ಅಂದ ಕೂಡಲೇ ಮಗುವಿನ ಟೀಸಿ ಇಸ್ಕೊಂಡುಬಿಡಬೇಕು. ಟೀಸಿ ಇಲ್ಲದೆ ಬೇರೆ ಶಾಲೆಯವರು ಸೇರಿಸಿಕೊಳ್ಳೋಲ್ಲ ನೋಡಿ. ಎಲ್ಲ ಮೇಷ್ಟ್ರುಗಳೂ ಮಾಡೋದೇ.

ಹದಿನೈದನೆಯವಳು ಸಿಕ್ಕಿದ್ದು ಬಿಕ್ಕೋಡಿನಾಚೆ, ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಏಳನೇ ಕ್ಲಾಸು ಮುಗಿಸಿದ್ದ ಚೂಟಿ ಹುಡುಗಿ. ತಾಯಿ ಕಾಫಿ ಕೊಟ್ಟು, ಟೀಸಿಯನ್ನೂ ತಂದುಕೊಟ್ಟಳು. ಜೀಪಿನಲ್ಲಿ ವಾಪಸು ಬರುವಾಗ ನನಗೆ ಎಂಥ ಖುಷಿ!

ಶಾಲೆ ಶುರುವಾದ ವಾರದಲ್ಲೇ, ಒಂದು ಗುರುವಾರ, ಆಯಮ್ಮ ಕೂಲಿ ಬಿಟ್ಟು ಬೇಲೂರಲ್ಲಿ ಬಸ್ಸು ಬದಲಿಸಿ ಬಂದಳು.

"ಮಿಸ್ಸೋರೇ, ಮಗೀಗೆ ವಸತಿ ಶಾಲೇಲಿ ಸೀಟಾಗೈತೆ. ಊಟ, ಬಟ್ಟೆ ಎಲ್ಲಾ ಅವರ್ದೇಯಂತೆ. ಶನಿವಾರದೊಳಗೆ ಟೀಸಿ ಕೊಡದಿದ್ರೆ ಬೇರೇರಿಗೆ ಕೊಟ್‌ಬುಡ್ತಾರಂತೆ. ಬೇಜಾರ್ ಮಾಡ್ಕಬೇಡಿ."

ಮಕ್ಕಳ ತಲೆ ಎಣಿಸೋಕೆ ಅಧಿಕಾರಿ ಬರುವುದು ಸೋಮವಾರ. "ಟೀಸಿ ಬೀರುವಿನಲ್ಲಿದೆ, ಬೀಗದ ಕೈ ಹೆಡ್‌ಮಾಸ್ಟರ ಹತ್ರ ಅರಸೀಕೆರೇಲಿದೆ. ಸೋಮವಾರ ಮಗಳನ್ನೂ ಕರ್ಕೊಂಡು ಬನ್ನಿ. ಎರಡು ದಿನ ಹೆಚ್ಚುಕಮ್ಮಿ ಆದ್ರೆ ಅವರೇನೂ ಅನ್ನಲ್ಲ" ಅಂದೆ. ಟೀಸಿ ನನ್ನ ಹೆಗಲ ಬ್ಯಾಗಿನಲ್ಲಿತ್ತು, ಊಟದ ಡಬ್ಬಿಯ ಕೆಳಗೆ. ಆಯಮ್ಮ ನಂಬಿ, ಕೈ ಮುಗಿದು ಹೋದಳು. ಥೂ, ನನ್ನ ಜನ್ಮಕ್ಕಿಷ್ಟು!

ಸೋಮವಾರ ಅಧಿಕಾರಿ ಆ ಹುಡುಗಿಯನ್ನೂ ಸೇರಿಸಿ ಹದಿನೈದು ಎಣಿಸಿದರು. ನನ್ನ ಕೆಲಸ ಉಳಿಯಿತು. ಮಧ್ಯಾಹ್ನ ಟೀಸಿ ಕೊಟ್ಟೆ. ಮಾರನೇ ದಿನ ತಾಯಿ-ಮಗಳು ಅದನ್ನೇ ಹಿಡಿದುಕೊಂಡು ವಾಪಸು ಬಂದರು. ಸೀಟು ಹೋಗಿತ್ತು.

"ನಮ್ಮ ಹಣೇಬರ. ನೀವೇನ್ ಮಾಡೀರಿ ಮಿಸ್ಸೋರೇ" ಅಂದಳು ಆಯಮ್ಮ. ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹುಡುಗಿ ನಮ್ಮಲ್ಲೇ ಸೇರಿದಳು. ಆಷಾಢದಲ್ಲಿ ವಿಜ್ಞಾನದ ಮೇಷ್ಟ್ರನ್ನು ಬೇರೆ ಶಾಲೆಗೆ ನಿಯೋಜಿಸಿದರು. ಅವರ ಪೀರಿಯಡ್ಡೂ ನನಗೇ ಬಂತು. ಅಣು, ಪರಮಾಣು ನನಗೇನು ಗೊತ್ತು? ಮಕ್ಕಳು ಅಂಗಿ ಗುಂಡಿಯ ಕಾಜಾ ಹೊಲಿಯುತ್ತಾ ಕೂತರು. ಇವಳೊಬ್ಬಳು ದಿನಾ ಕೇಳುವಳು, "ಮಿಸ್, ಇವತ್ತೂ ವಿಜ್ಞಾನ ಇಲ್ವಾ?" ಒಂದು ದಿನ ರೇಗಿ ಗದರಿಬಿಟ್ಟೆ. ಆಮೇಲೆ ಕೇಳಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅವಳು ಬರಲೇ ಇಲ್ಲ. ಬಿಕ್ಕೋಡಿಗೆ ಹೋದೆ. ಅಮ್ಮನ ಜೊತೆ ತೋಟದಿಂದ ಬರುತ್ತಿದ್ದಳು, ತಲೆಗೆ ಟವೆಲು ಸುತ್ತಿಕೊಂಡು.

"ಕಾಜಾ ಹೊಲಿಯೋಕೆ ಎರಡು ಬಸ್ಸು ಯಾಕೆ ಮಿಸ್?" ಅಂದಳು. ಕೋಪವೇನೂ ಇರಲಿಲ್ಲ ಅವಳ ದನಿಯಲ್ಲಿ.

ಅವಳ ಹೆಸರು ಹೊಡೆದುಹಾಕಿದರೆ ಹದಿನಾಲ್ಕಾಗುತ್ತೆ. ಹಾಗಾಗಿ ಬೆಳಿಗ್ಗೆ ಹಾಜರಿ ಕೂಗುವಾಗ ಅವಳ ಹೆಸರು ಬಿಟ್ಟು ಮುಂದಿನದನ್ನು ಕೂಗುತ್ತೇನೆ. ಆಮೇಲೆ ಮಕ್ಕಳು ಆಚೆ ಹೋದ ಮೇಲೆ, ಅವಳು ಬಂದಿದ್ದಾಳೆ ಅಂತ ಗುರುತು ಹಾಕುತ್ತೇನೆ.