ಕೆರೆ ಬರಿದಾದ ದಿನದ ಸೂಪು

ತೂಬಿನ ಸದ್ದು ಹನ್ನೊಂದು ದಿನ ಕೇಳಿತು. ಹಗಲೂ ರಾತ್ರಿಯೂ ಒಂದೇ ಸಮ, ಯಾರೋ ಗಂಟಲು ಬಿಗಿಹಿಡಿದು ಉಸಿರು ಬಿಡುತ್ತಿರುವ ಹಾಗೆ, ಪಾನ್‌ಸ್ಕಿ ಕೆರೆಯ ನೀರು ಏರಿಯ ಹೊಟ್ಟೆಯೊಳಗಿಂದ ಹಾದು ಕೆಳಗಿನ ಕಾಲುವೆಗೆ ಇಳಿಯುತ್ತಿತ್ತು. ಹನ್ನೆರಡನೆಯ ದಿನ ಬೆಳಗಿನ ಹೊತ್ತಿಗೆ ಸದ್ದು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ಏರಿಯ ಬುಡದ ಮನೆಯಲ್ಲಿ ಮಲಗಿದ್ದ ಕ್ವೇತಾ ಬಾರ್ತೋಶೋವಾಗೆ ಎಚ್ಚರವಾದದ್ದು ಆ ನಿಶ್ಶಬ್ದಕ್ಕೆ.

ಅಕ್ಟೋಬರಿನಲ್ಲಿ ದಕ್ಷಿಣ ಬೊಹೀಮಿಯಾದ ನಮ್ಮ ಕೆರೆಗಳನ್ನೆಲ್ಲ ಒಂದೊಂದಾಗಿ ಬರಿದು ಮಾಡಿ ಮೀನು ಹಿಡಿಯುತ್ತಾರೆ. ನಮ್ಮ ಊರಿನ ಸರದಿ ಬಂದ ದಿನ ಮಧ್ಯಾಹ್ನ ಮೀನುಗಾರರಿಗೂ ನೋಡಲು ಬಂದವರಿಗೂ ಆಲೂಗಡ್ಡೆ ಸೂಪು ಕೊಡುವುದು ಕ್ವೇತಾಳ ಕೆಲಸ. ಅವಳ ಗಂಡ ಓತಾ ಬಲೆ ಎಳೆಯುತ್ತಿದ್ದ ಕಾಲದಿಂದ ನಡೆದು ಬಂದದ್ದು. ಅವನು ಹೋಗಿ ಒಂಬತ್ತು ವರ್ಷವಾಯಿತು, ಸೂಪು ನಿಲ್ಲಲಿಲ್ಲ. ಏರಿಯ ಮೇಲೆ ತಟ್ಟೆಗಳನ್ನು ಹೊತ್ತು ತಂದರೆ ಅರ್ಧ ಕೆಸರಿಗೆ ಹೋಗುತ್ತವೆ. ಹಾಗಾಗಿ ಅಂಗೈಯಗಲದ ಗುಂಡು ರೈ ಬ್ರೆಡ್ಡಿನ ತಲೆ ಕತ್ತರಿಸಿ, ಒಳಗಿನ ತಿರುಳು ತೋಡಿ, ಅದರಲ್ಲೇ ಸೂಪು ಹುಯ್ಯುತ್ತಾರೆ. ಬ್ರೆಡ್ಡು ಹಿಂದಿನ ದಿನದ್ದಾಗಿರಬೇಕು. ಅಂದೇ ಸುಟ್ಟದ್ದು ಸೋರುತ್ತದೆ. ತಿರುಳು ತೋಡಿದ ಮೇಲೆ ಒಳಮೈಯನ್ನು ಒಲೆಯ ಬಿಸಿಗೆ ಹಿಡಿದು ಗರಿಯಾಗಿಸಬೇಕು. ಸೂಪಿಗೆ ಆಲೂಗಡ್ಡೆ, ಕ್ಯಾರೆಟ್ಟು, ಸೆಲರಿ ಗಡ್ಡೆ, ಬೆಣ್ಣೆಯಲ್ಲಿ ಕೆಂಪಗೆ ಹುರಿದ ಹಿಟ್ಟು, ಕೊನೆಯಲ್ಲಿ ಬೆಳ್ಳುಳ್ಳಿ ಮತ್ತು ಕೈಯಲ್ಲಿ ತಿಕ್ಕಿ ಉದುರಿಸಿದ ಮರುಗ. ಮತ್ತೆ ಅಣಬೆ. ಅಣಬೆಯಿಲ್ಲದ ಸೂಪು ನಮ್ಮಲ್ಲಿ ಆಸ್ಪತ್ರೆಯ ಊಟ.

ಅಣಬೆಯ ಮಾತು ಬಂದರೆ ಊರಿನಲ್ಲಿ ಕ್ವೇತಾಳದೇ ಕೊನೆಯ ಮಾತು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಆಗಸ್ಟಿನಿಂದ ಅವಳ ಅಡುಗೆಮನೆಯ ಕಿಟಕಿಯ ಕೆಳಗೆ ಊರವರು ತಂದ ಬುಟ್ಟಿಗಳು ಸಾಲುಗಟ್ಟುತ್ತಿದ್ದವು. ಅವಳು ಒಂದೊಂದು ಅಣಬೆಯನ್ನೂ ಎತ್ತಿ, ತಿರುಗಿಸಿ, ಮೂಸಿ, ಆಚೆ ಇಡುತ್ತಿದ್ದಳು. ಕೆಟ್ಟದ್ದು ಸಿಕ್ಕರೆ ಮುಖದಲ್ಲಿ ನಗೆಯಿಲ್ಲದೆ, "ಇದನ್ನ ಜೋಪಾನವಾಗಿ ಇಟ್ಕೊಳ್ಳಿ, ಅತ್ತೆ ಮನೆಗೆ ಬಂದಾಗ ಬೇಕಾಗುತ್ತೆ" ಅನ್ನುವಳು. ಶಾಲೆಯ ಮಕ್ಕಳಿಗೆ ಅವಳು ಹೇಳಿಕೊಟ್ಟದ್ದು ಒಂದೇ: ಅಣಬೆಯನ್ನು ಮಣ್ಣಿನಿಂದ ತಿರುಚಿ ಬುಡಸಮೇತ ಎತ್ತಿ, ಬುಡ ನೋಡಿ, ಆಮೇಲೆ ಬುಟ್ಟಿಗೆ ಹಾಕಿ. ನಮ್ಮೂರಲ್ಲಿ ಎಲ್ಲರೂ ಹಾಗೇ ಕಲಿತದ್ದು.

ಕಳೆದ ಚಳಿಗಾಲ ಅವಳ ಬಲಮಂಡಿಗೆ ಆಪರೇಷನ್ ಆಯಿತು. ಬಾಗುವುದು ಆಗದೆ ಹೋಯಿತು. ಕಾಡಿಗೆ ಹೋಗದಿರುವುದೂ ಆಗಲಿಲ್ಲ. ಹೇಸಲ್ ಕೋಲೊಂದರ ತುದಿಗೆ ತನ್ನ ಅಣಬೆ ಚಾಕುವನ್ನು ಹುರಿಯಿಂದ ಬಿಗಿದು ಕಟ್ಟಿದಳು. ನಿಂತಲ್ಲಿಂದಲೇ ಅಣಬೆಯ ಟೋಪಿಯ ಕೆಳಗೆ ಚಾಕು ಹಾಯಿಸುವುದು, ಉರುಳಿದ ಟೋಪಿಯನ್ನು ಮೊನೆಯಿಂದ ಚುಚ್ಚಿ ಮೇಲೆತ್ತುವುದು. ಕಾಂಡ ನೆಲದಲ್ಲೇ ಉಳಿಯುತ್ತಿತ್ತು.

ಆ ಬೆಳಿಗ್ಗೆ ಮಂಜು ಏರಿಯನ್ನು ಮುಚ್ಚಿತ್ತು. ಬೇಸಿಗೆಯಲ್ಲಿ ಒಣಗಿಸಿಟ್ಟ ಅಣಬೆ ಎರಡು ಹಿಡಿ ಮಾತ್ರ ಇತ್ತು. ನಲವತ್ತು ಬ್ರೆಡ್ಡಿಗೆ ಸಾಲದು. ಕ್ವೇತಾ ಬುಟ್ಟಿ, ಕೋಲು ಹಿಡಿದು ಏರಿಯ ಮೇಲಿನ ಓಕ್ ಮರಗಳ ಸಾಲಿಗೆ ಹತ್ತಿದಳು. ಬ್ರೆಡ್ಡಿನ ಹೊರೆ ಹೊತ್ತ ಕೈಗಾಡಿಯನ್ನು ತಳ್ಳುತ್ತ ಎದುರಿಗೆ ಬಂದವನು ಬೇಕರಿಯ ಯಾರೋಮಿರ್.

"ಏನ್ ಕ್ವೇತಕ್ಕ, ಬೆಳಬೆಳಗ್ಗೆ ಈಟಿ ಹಿಡ್ಕೊಂಡು ಹೊರಟ್ರಿ? ಯಾರ ಮೇಲೆ ದಂಡಯಾತ್ರೆ?"

"ನಿನ್ನ ಬ್ರೆಡ್ಡಿನ ಮೇಲೆ ಕಣೋ. ಮಾಮೂಲಿ ಚಾಕು ಇಳಿಯಲ್ಲ ಅದಕ್ಕೆ."

"ಇಳಿದ್ರೆ ಸೂಪು ಸೋರುತ್ತೆ, ಇಳಿಯದಿದ್ರೆ ಬೈಗುಳ. ನಮ್ಮ ಕಸುಬೇ ಇಷ್ಟು" ಎಂದು ಅವನು ಮಂಜಿನೊಳಗೆ ಹೋದ. ಗಾಡಿಯ ಚಕ್ರದ ಕಿರುಗುಟ್ಟುವಿಕೆ ಸ್ವಲ್ಪ ಹೊತ್ತು ಉಳಿಯಿತು.

ಓಕ್ ಮರಗಳ ಕೆಳಗೆ ಹಸಿರು ಪಾರಿವಾಳಗಳು ಎದ್ದಿದ್ದವು. ಬೂದು ಬೆರೆತ ಹಸಿರು ಟೋಪಿಯ ಆ ಅಣಬೆಯನ್ನು ನಾವು ಹಾಗೇ ಕರೆಯುವುದು. ಪಾರಿವಾಳಗಳನ್ನು ಕೊಯ್ದವರು ಅಂಚಿನಿಂದ ಒಂದು ಚೂರು ಮುರಿದು ನಾಲಿಗೆಯ ತುದಿಗೆ ಮುಟ್ಟಿಸುತ್ತಾರೆ. ಖಾರವೋ ಕಹಿಯೋ ಆದರೆ ಎಸೆಯುವುದು, ಸಪ್ಪೆಯೋ ಸಿಹಿಯೋ ಆದರೆ ಬುಟ್ಟಿಗೆ. ಕ್ವೇತಾ ಹಾಗೇ ಮಾಡಿದಳು. ಟೋಪಿ ಎತ್ತುವುದು, ಮುರಿಯುವುದು, ನಾಲಿಗೆಗೆ ಮುಟ್ಟಿಸುವುದು, ಉಗುಳುವುದು. ಕನ್ನಡಕದ ಮೇಲೆ ಮಂಜು ಕೂರುತ್ತಿತ್ತು. ಒರೆಸಿಕೊಂಡರೆ ಮತ್ತೆ ಕೂರುತ್ತಿತ್ತು. ಒಂದೂ ಖಾರವಿರಲಿಲ್ಲ. ಈ ಸಲ ಎಲ್ಲ ಸಿಹಿಯೇ ಎಂದುಕೊಂಡು ಹದಿನಾರು ಟೋಪಿ ಕೊಯ್ದು ಇಳಿದು ಬಂದಳು.

ಹನ್ನೊಂದಕ್ಕೆ ಮಂಜು ಹರಿದಾಗ ಕೆರೆ ಕಾಣಿಸಿತು. ಆಕಾಶವನ್ನು ಹೊತ್ತು ಮಲಗಿರುತ್ತಿದ್ದ ಜಾಗದಲ್ಲಿ ಈಗ ಕಪ್ಪು ಕೆಸರು, ನಡುವೆ ಒಂದು ಮಡುವಿನಷ್ಟು ನೀರು. ಆ ನೀರು ಕುದಿಯುತ್ತಿದ್ದಂತೆ ಕಾಣುತ್ತಿತ್ತು. ಕುದಿಯುತ್ತಿರಲಿಲ್ಲ, ಅಷ್ಟೂ ಮೀನು. ಸೊಂಟದವರೆಗೆ ರಬ್ಬರಿನ ಬೂಟು ತೊಟ್ಟ ಗಂಡಸರು ಬಲೆಯ ಎರಡು ತುದಿಗಳನ್ನು ನಿಧಾನವಾಗಿ ಹತ್ತಿರ ತರುತ್ತಿದ್ದರು.

ಮೊದಲ ಬ್ರೆಡ್ಡು ಮೀನುಗಾರರ ಮೇಸ್ತ್ರಿ ಸ್ಲಾವೆಕ್‌ನಿಗೆ. ಅವನು ಯಾರೋಮಿರನ ಅಳಿಯ. ಎರಡು ಚಮಚ ತಿಂದು ತಲೆ ಎತ್ತಿದ.

"ದೊಡ್ಡಮ್ಮ, ಈ ಸಲ ಏನೋ ಬೇರೆ ಥರ ಇದೆ."

"ಏನಾಗಿದೆ?"

"ಏನೂ ಆಗಿಲ್ಲ ಅನ್ನೋದೇ ಆಶ್ಚರ್ಯ. ಇಷ್ಟು ವರ್ಷ ನಮಗೆ ಇಂಥದ್ದು ಕೊಡದೆ ಎಲ್ಲಿ ಬಚ್ಚಿಟ್ಟಿದ್ರಿ?"

"ಹೊಗಳಿದ್ರೆ ಎರಡನೇದು ಸಿಗುತ್ತೆ ಅಂತ ಗೊತ್ತು ನಿಂಗೆ."

ಎಲ್ಲರೂ ಅದನ್ನೇ ಹೇಳಿದರು. ಇಷ್ಟು ರುಚಿ ಎಂದೂ ಆಗಿರಲಿಲ್ಲ. ಸೂಪು ಮುಗಿದ ಮೇಲೆ ನೆನೆದು ಮೆತ್ತಗಾದ ಬ್ರೆಡ್ಡನ್ನು ಹರಿದು ಹರಿದು ತಿಂದರು. ಯಾರೋಮಿರ್ ಎರಡು ತಿಂದ. ಸ್ಲಾವೆಕ್‌ನ ಹೆಂಡತಿ ಯಿತ್ಕಾ, ಆರು ತಿಂಗಳ ಬಸುರಿ, ಒಂದನ್ನು ನಿಂತಲ್ಲೇ ಮುಗಿಸಿ ಮತ್ತೆ ಹಂಡೆಯ ಹತ್ತಿರ ಬಂದಳು.

"ಇನ್ನೊಂದು ಕಟ್ಟಿಕೊಡಿ ದೊಡ್ಡಮ್ಮ. ಐದು ಗಂಟೆ ಆದ್ರೆ ನಂಗೆ ಹಸಿವು ತಡೆಯಕ್ಕಾಗಲ್ಲ."

"ಹಸಿವು ನಿಂದಲ್ಲ ಬಿಡು, ಒಳಗಿರೋದು ಮೇಸ್ತ್ರಿ ಮಗು" ಎಂದು ಕ್ವೇತಾ ಬ್ರೆಡ್ಡು ತುಂಬಿ, ಕತ್ತರಿಸಿದ ತಲೆಯನ್ನೇ ಮುಚ್ಚಳ ಮಾಡಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಮೂರು ಗಂಟೆಗೆ ಹಂಡೆ ತೊಳೆದು ಬೋರಲು ಹಾಕಿದ್ದಾಯಿತು. ಮರುದಿನವೂ ಬಲೆ ಇಳಿಯುತ್ತದೆ, ಮರುದಿನಕ್ಕೂ ಸೂಪು ಬೇಕು. ಕ್ವೇತಾ ಮತ್ತೆ ಏರಿ ಹತ್ತಿದಳು. ಬಿಸಿಲು ಓರೆಯಾಗಿ ಬಿದ್ದಿತ್ತು. ಓಕ್ ಎಲೆಗಳು ಒಂದೊಂದೇ ಉದುರುತ್ತಿದ್ದವು. ಮೊದಲ ಟೋಪಿಗೆ ಚಾಕು ಹಾಯಿಸುವಾಗ ಹುರಿ ಸಡಿಲವಾಗಿ ಚಾಕು ಕೆಳಗೆ ಬಿತ್ತು. ಅವಳು ಮರಕ್ಕೆ ಕೈಯೂರಿ, ಎಡಮಂಡಿಯನ್ನು ಮೊದಲು ಊರಿ, ಬಲಗಾಲನ್ನು ಪಕ್ಕಕ್ಕೆ ಚಾಚಿ, ತಿಂಗಳುಗಳ ನಂತರ ಮೊದಲ ಬಾರಿಗೆ ನೆಲದ ಹತ್ತಿರ ಬಂದಳು.

ಚಾಕುವಿನ ಪಕ್ಕದಲ್ಲೇ ಅವಳು ಬೆಳಿಗ್ಗೆ ಕೊಯ್ದ ಅಣಬೆಗಳ ಕಾಂಡಗಳಿದ್ದವು. ಬಿಳಿ, ಸೀಮೆಸುಣ್ಣದಂತೆ ಮುರಿಯುವಂಥವು. ಪಾರಿವಾಳದ ಕಾಂಡ ಇರಬೇಕಾದದ್ದೇ ಹಾಗೆ. ಒಂದು, ಎರಡು, ಮೂರು. ನಾಲ್ಕನೆಯದರ ಸುತ್ತ ತೆಳ್ಳಗಿನ ಲಂಗದಂಥದ್ದೊಂದು ಜೋತುಬಿದ್ದಿತ್ತು.

ಅವಳು ಅದನ್ನು ತಕ್ಷಣ ಮುಟ್ಟಲಿಲ್ಲ. ಸುತ್ತಲಿನ ಎಲೆಗಳನ್ನು ಬೆರಳಿನಿಂದ ಸರಿಸಿದಳು. ಆಮೇಲೆ ಮಣ್ಣಿನೊಳಕ್ಕೆ ಬೆರಳಿಳಿಸಿ ಕಾಂಡವನ್ನು ಬುಡಸಮೇತ ಎಬ್ಬಿಸಿದಳು. ಬುಡ ದಪ್ಪಗಿತ್ತು. ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿ ಚೀಲದೊಳಗೆ ಕೂತಿತ್ತು.

ಹಸಿರು ನೊಣಮಾರಿ, ಕಡುವಿಷದ ಅಣಬೆ. ಅರ್ಧ ಟೋಪಿ ಸಾಕು ಒಬ್ಬ ಮನುಷ್ಯನನ್ನು ಕೊಲ್ಲಲು. ನಾಲಿಗೆಗೆ ಅದು ಸಿಹಿ.

ಉಳಿದ ಹನ್ನೆರಡು ಕಾಂಡಗಳನ್ನೂ ಅವಳು ಮೊಣಕಾಲಲ್ಲಿ ತೆವಳಿ ಹುಡುಕಿ ಎಬ್ಬಿಸಿದಳು. ಎಲ್ಲವೂ ಪಾರಿವಾಳ. ಕೆಟ್ಟದ್ದು ಒಂದೇ. ಬಹುಶಃ ಬೆಳಿಗ್ಗೆ ಅನುಮಾನ ಬಂದು ಅದರ ಟೋಪಿಯನ್ನು ಎಸೆದಿರಬಹುದು ಎಂದು ಎಲೆಗಳಡಿ ಹುಡುಕಿದಳು. ಎಸೆದಿರಲಿಲ್ಲ.

ಏರಿಯ ಕೆಳಗೆ ಗಂಡಸರು ನಗುತ್ತಿದ್ದರು. ಯಾರೋ ಮೀನಿನ ಡಬ್ಬಿಯ ಮೇಲೆ ತಾಳ ಹಾಕುತ್ತಿದ್ದ. ಈಗ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಕತ್ತಲಾಗುವವರೆಗೂ ಚೆನ್ನಾಗಿಯೇ ಇರುತ್ತಾರೆ. ಅವಳಿಗೆ ಅದು ಗೊತ್ತಿತ್ತು. ಬಹಳ ವರ್ಷದ ಹಿಂದೆ ಮರದ ಮಿಲ್ಲಿನವನೊಬ್ಬ ಇದನ್ನೇ ತಿಂದು ಒಂದು ರಾತ್ರಿಯೆಲ್ಲ ವಾಂತಿ ಮಾಡಿಕೊಂಡಿದ್ದ. ಮರುದಿನ ಎದ್ದು ಕೂತು, ಹಸಿವಾಗ್ತಿದೆ ಎಂದು ಚಹಾ ಕೇಳಿದ್ದ. ಮನೆಯವರು ದೇವರಿಗೆ ದೀಪ ಹಚ್ಚಿದ್ದರು. ನಾಲ್ಕನೆಯ ದಿನ ಅವನ ಕಣ್ಣು ಹಳದಿಯಾಗಿತ್ತು.

ಹದಿನಾರರಲ್ಲಿ ಒಂದು. ಅಷ್ಟು ದೊಡ್ಡ ಹಂಡೆಯಲ್ಲಿ ಹರಡಿ ಯಾರಿಗೂ ಏನೂ ಆಗದೆ ಹೋಗಬಹುದು. ಅಥವಾ ಚೂರುಗಳೆಲ್ಲ ಎರಡೋ ಮೂರೋ ಬ್ರೆಡ್ಡಿಗೇ ಬಿದ್ದಿರಬಹುದು. ಹಂಡೆ ತೊಳೆದಾಗಿದೆ. ತಟ್ಟೆಗಳಿದ್ದಿದ್ದರೆ ತಟ್ಟೆಯ ತಳದಲ್ಲಾದರೂ ಏನಾದರೂ ಉಳಿದಿರುತ್ತಿತ್ತು. ತಟ್ಟೆಯನ್ನೇ ತಿಂದಿದ್ದಾರೆ. ಈ ಕಾಂಡವನ್ನು ಕೆಸರಿಗೆ ಎಸೆದು ಮನೆಗೆ ಹೋದರೆ, ರಾತ್ರಿ ಯಾರಿಗಾದರೂ ಹೊಟ್ಟೆ ಕೆಟ್ಟರೆ, ಚಳಿಗೆಂದು ಕುಡಿದ ರಮ್ಮು ಹೆಚ್ಚಾಯಿತು ಎಂದುಕೊಳ್ಳುತ್ತಾರೆ. ಹೇಳಿದ ಮೇಲೆ ಏನೂ ಆಗದಿದ್ದರೂ ಅವಳ ಕಿಟಕಿಯ ಕೆಳಗೆ ಇನ್ನೊಂದು ಬುಟ್ಟಿ ಬರುವುದಿಲ್ಲ. ಕಾದು ನೋಡಬಹುದಿತ್ತು. ಅವಳೂ ಒಂದು ಸೌಟು ರುಚಿ ನೋಡಿದ್ದಳು, ತೋಡಿದ ತಿರುಳನ್ನು ಅದ್ದಿ ತಿಂದಿದ್ದಳು. ಮೊದಲು ತನ್ನ ಹೊಟ್ಟೆಯೇ ಹೇಳಲಿ ಎಂದು ಅನ್ನಿಸಿತು. ಅದು ಹೇಳುವ ಹೊತ್ತಿಗೆ ಎಲ್ಲರಿಗೂ ತಡವಾಗಿರುತ್ತದೆ.

ಕಾಂಡವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಕೋಲನ್ನು ಅಲ್ಲೇ ಬಿಟ್ಟು, ಮರದಿಂದ ಮರಕ್ಕೆ ಕೈಯೂರುತ್ತ ಇಳಿದಳು. ಹತ್ತಿರದ ಫೋನು ಬೇಕರಿಯಲ್ಲಿತ್ತು.

ಯಾರೋಮಿರ್ ಒಲೆಯ ಬಾಯಿ ಗುಡಿಸುತ್ತಿದ್ದ. ಅವಳ ಮೊಣಕಾಲಿನ ಕೆಸರು ನೋಡಿ, "ಬಿದ್ರಾ ಕ್ವೇತಕ್ಕ? ಈಟಿ ಕೈಕೊಡ್ತಾ?" ಎಂದ.

ಅವಳು ಕರ್ಚೀಫನ್ನು ಹಿಟ್ಟಿನ ಹಲಗೆಯ ಮೇಲೆ ಬಿಚ್ಚಿದಳು. ಅವನು ಅವಳಿಂದಲೇ ಕಲಿತವನು. ಹೇಳಬೇಕಾಗಲಿಲ್ಲ.

"ಇದು ಎಲ್ಲಿತ್ತು?"

"ನಾನು ಬೆಳಿಗ್ಗೆ ಕೊಯ್ದ ಜಾಗದಲ್ಲಿ. ಟೋಪಿ ಸೂಪಿಗೆ ಹೋಗಿದೆ."

"ಎಷ್ಟು?"

"ಒಂದು."

ಅವನು ಹೋಗಿ ಬಾಗಿಲು ಹಾಕಿದ. "ಒಂದೇ ತಾನೇ. ಆ ಹಂಡೆಯಲ್ಲಿ ಒಂದು ಅಂದ್ರೆ ಏನು ಕ್ವೇತಕ್ಕ? ಒಂದು ತಾಸು ಸುಮ್ನಿರಿ. ಯೋಚ್ನೆ ಮಾಡೋಣ. ಬಾಯಿ ಬಿಟ್ರೆ ಇನ್ನು ನಿಮ್ಮ ಕೈಯಿಂದ ಯಾರು ತಿಂತಾರೆ? ನನ್ನ ಬ್ರೆಡ್ಡು ಯಾರು ಕೊಳ್ತಾರೆ?"

"ನೀನು ಎಷ್ಟು ತಿಂದೆ?"

"ಎರಡು. ನೋಡಿ, ಗುಂಡುಕಲ್ಲಿನ ಹಾಗಿದೀನಿ."

"ಈಗ ಹಾಗೇ ಇರ್ತೀಯ. ಅದು ಆಡೋ ಆಟಾನೇ ಅದು." ಅವಳು ಉಸಿರು ತೆಗೆದುಕೊಂಡಳು. "ನಿನ್ನ ಮಗಳು ಒಂದು ತಿಂದಳು ಯಾರೋಮಿರ್. ಇನ್ನೊಂದು ಸಂಜೆಗೆ ಅಂತ ಮನೆಗೆ ಒಯ್ದಳು. ಕಟ್ಟಿಕೊಟ್ಟೋಳು ನಾನೇ."

ಅವನ ಕೈಯಿಂದ ಪೊರಕೆ ಜಾರಿತು. ಅವನು ಬಗ್ಗಿ ಅದನ್ನು ಎತ್ತಲಿಲ್ಲ. ಗೋಡೆಯ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಅವನು ಫೋನಿನ ಹತ್ತಿರ ಹೋಗಿ ಅಂಕಿಗಳನ್ನು ಎರಡು ಬಾರಿ ತಪ್ಪು ಒತ್ತಿದ. ಮೂರನೆಯ ಬಾರಿಗೆ ಅತ್ತ ಕಡೆಯಿಂದ ಆಸ್ಪತ್ರೆಯವರ ದನಿ ಬಂತು. ಅವನು ಕೆರೆಯ ಹೆಸರು ಹೇಳಿದ, ಅಣಬೆಯ ಹೆಸರು ಹೇಳಿದ. ಆಮೇಲೆ ಫೋನನ್ನು ಎದೆಗೆ ಒತ್ತಿಕೊಂಡು ತಿರುಗಿದ.

"ಎಷ್ಟು ಜನ ಅಂತ ಕೇಳ್ತಿದಾರೆ."

"ನಲವತ್ತು ಬ್ರೆಡ್ಡು. ಎರಡೆರಡು ತಿಂದೋರು ಇದಾರೆ. ನನ್ನನ್ನೂ ಸೇರಿಸು. ಬುಡ ನಮ್ಮ ಹತ್ರ ಇದೆ ಅನ್ನು, ಅದನ್ನ ಎಸೀಬೇಡ."

"ಯಾರು ಮಾಡಿದ ಅಡುಗೆ ಅಂತಾನೂ ಕೇಳ್ತಿದಾರೆ" ಎಂದ ಅವನು ತಗ್ಗಿದ ದನಿಯಲ್ಲಿ. "ಏನು ಹೇಳಲಿ?"

"ಹೆಸರು ಹೇಳು. ಪೂರ್ತಿ ಹೆಸರು ಹೇಳು."

ಅವಳು ಆಗಲೇ ಬಾಗಿಲು ತೆಗೆದಿದ್ದಳು. ಬಲಗಾಲನ್ನು ಎಳೆಯುತ್ತ ಮೆಟ್ಟಿಲಿಳಿದಳು. ಯಿತ್ಕಾಳ ಮನೆ ಬೀದಿಯ ಆ ತುದಿಯಲ್ಲಿತ್ತು, ಅಡುಗೆಮನೆಯ ದೀಪ ಆಗಷ್ಟೇ ಹೊತ್ತಿತ್ತು. "ಮೊದಲು ಅವಳ ಕೈಯಿಂದ ಆ ಬ್ರೆಡ್ಡು ಕಿತ್ಕೋತೀನಿ" ಎಂದಳು ಹಿಂದೆ ನೋಡದೆ, "ಆಮೇಲೆ ಏರಿ ಮೇಲೆ ಹೋಗಿ, ಬಲೆ ಕೆಳಗಿಡಿ ಅಂತ ಎಲ್ಲರಿಗೂ ಕೂಗಿ, ಅವರ ಎದುರಿಗೆ ನಿಂತ್ಕೊಂಡು, ನಾನು ಬಗ್ಗಿ ನೋಡ್ಲಿಲ್ಲ, ಬುಡ ನೋಡದೇನೇ ಸೂಪಿಗೆ ಹಾಕ್ದೆ ಅಂತ ಹೇಳ್ತೀನಿ."