ಸಿರಿಯ ಹತ್ತಡಿ

ಕೂಟಗಲ್ಲಿನ ಚೆಲುವಯ್ಯನ ಮಗಳು ಸಿರಿಗೆ ಓಟ ಎಂದೂ ಕಷ್ಟವಾಗಲಿಲ್ಲ. ಕೈಕೊಟ್ಟಿದ್ದು ಉದ್ದಜಿಗಿತ. ಸೇನೆಯ ಮಿಲಿಟರಿ ಪೊಲೀಸ್‌ಗೆ ಸೇರುವ ಹುಡುಗಿಯರು ಒಂದು ಮೈಲಿಯನ್ನು ಏಳೂವರೆ ನಿಮಿಷದಲ್ಲಿ ಓಡಿದರೆ ಪೂರ್ತಿ ಅಂಕ. ಆಮೇಲೆ ಹತ್ತಡಿ ಉದ್ದ, ಮೂರಡಿ ಎತ್ತರ ಹಾರಲೇಬೇಕು. ಹೋದ ವರ್ಷದ ಸೇನಾ ಭರ್ತಿ ರ‍್ಯಾಲಿಯಲ್ಲಿ ಸಿರಿ ಏಳು ನಿಮಿಷ ಹತ್ತು ಸೆಕೆಂಡಿಗೇ ಓಟ ಮುಗಿಸಿದ್ದಳು. ಮರಳಿನ ಗುಂಡಿಯಲ್ಲಿ ಮಾತ್ರ ಮೂರು ಸಲವೂ ಒಂಬತ್ತೂವರೆ ಅಡಿಗೇ ಬಿದ್ದು, ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸಾದಳು.

ವಯಸ್ಸಿನ ಲೆಕ್ಕದಲ್ಲಿ ಇನ್ನೊಂದು ಅವಕಾಶ ಉಳಿದಿತ್ತು. ಚೆಲುವಯ್ಯ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಗುಂಡಿ ತೋಡಿ, ರೇಷ್ಮೆ ಹುಳುವಿನ ಮನೆ ಕಟ್ಟಿ ಮಿಕ್ಕಿದ್ದ ಮರಳು ತುಂಬಿಸಿದ. ಹವಾಲ್ದಾರರಾಗಿ ನಿವೃತ್ತರಾಗಿದ್ದ ಪಕ್ಕದ ಬೀದಿಯ ಮುನಿಶಾಮಯ್ಯ ನಾಲ್ಕು ದಿನ ಬೆಳಿಗ್ಗೆ ಬಂದು, ಅವಳು ಹಾರುವುದನ್ನು ಸುಮ್ಮನೆ ನೋಡಿದರು.

"ಕಾಲಲ್ಲಿ ಶಕ್ತಿ ಐತೆ ಕಣವ್ವ," ಎಂದರು ಐದನೆಯ ದಿನ. "ಹಾರೋ ಗೆರೆ ಹತ್ರ ಬಂದೇಟ್ಗೆ ಹೆದ್ರಿಕೊಂಡು ಓಟ ಕಮ್ಮಿ ಮಾಡ್ತೀಯ."

ಹೆದರಿಕೆ ಎಂಬ ಮಾತು ಸಿರಿಗೆ ನಾಟಿತು. ಅವರು ಬೇಡವೆಂದರೂ ಸಂಜೆ ಡಾಂಬರು ರಸ್ತೆಯಲ್ಲಿ ಇನ್ನೊಂದು ಸುತ್ತು ಓಡತೊಡಗಿದಳು. ಮೂರೇ ವಾರಕ್ಕೆ ಮೊಣಕಾಲಿನ ಕೆಳಗಿನ ಎಲುಬು ಮುಟ್ಟಿದರೆ ನೋಯುವಂತಾಯಿತು. ಕುಂಟುವುದನ್ನು ಮುಚ್ಚಿಟ್ಟಳು. ಆದರೆ ಅದು ಮುನಿಶಾಮಯ್ಯನವರ ಕಣ್ಣಿಗೆ ಬೀಳದೆ ಇರಲಿಲ್ಲ.

"ಹದಿನೈದು ದಿನ ಓಡಂಗಿಲ್ಲ."

"ಸಾರ್, ರ‍್ಯಾಲಿಗೆ ಎರಡೇ ತಿಂಗ್ಳು ಐತೆ."

"ಕಾಲು ಮುರ್ಕೊಂಡ್ರೆ ಅದೂ ಇರಲ್ಲ. ನಡೆಯವ್ವ, ಹೆಜ್ಜೆ ಎಣಿಸ್ಕೊಂಡು."

ಸಿರಿ ಸಿಟ್ಟಿನಲ್ಲೇ ನಡೆದಳು. ಗೆರೆಯಿಂದ ಹಿಂದಕ್ಕೆ ಹದಿನಾಲ್ಕು ಹೆಜ್ಜೆ, ಅಲ್ಲೊಂದು ಕಲ್ಲು. ಅಲ್ಲಿಂದ ಮತ್ತೆ ಗೆರೆಗೆ ಹದಿನಾಲ್ಕು. ನೋವು ಹೋದಮೇಲೆ ಅದೇ ಎಣಿಕೆಯಲ್ಲಿ ಮೆಲ್ಲಗೆ ಓಡಿದಳು, ಆಮೇಲೆ ಜೋರಾಗಿ. ಹೆಜ್ಜೆ ಉದ್ದವಾದಂತೆಲ್ಲ ಕಲ್ಲಿನ ಜಾಗ ಹಿಂದೆ ಸರಿಯುತ್ತಾ ಹೋಯಿತು. ಎಣಿಕೆ ಮೈಗೂಡಿದ್ದರಿಂದ ಗೆರೆಯನ್ನು ನೋಡುವ ಅಗತ್ಯವೇ ಉಳಿಯಲಿಲ್ಲ. ಹೆಣ್ಣುಮಗಳು ಚಡ್ಡಿ ಹಾಕಿಕೊಂಡು ಓಡುವುದಕ್ಕೆ ವರ್ಷವಿಡೀ ಗೊಣಗಿದ್ದ ತಾಯಿ ಮುನಿಯಮ್ಮ ಒಂದು ದಿನ ತಾನೇ ಟೇಪು ಹಿಡಿದು ಕುಳಿತಳು.

"ಹತ್ತಡಿ ಮೇಲೆ ಎರಡಂಗುಲ," ಎಂದಳು. "ಇನ್ನೊಂದ್ಸಲ ಹಾರು, ಸರಿಯಾಗಿ ನೋಡ್ತೀನಿ."

ರ‍್ಯಾಲಿಯಲ್ಲಿ ಮೊದಲ ಸಲ ಹಾರಿದಾಗ ಕಾಲು ಗೆರೆ ದಾಟಿತು. ಅಧಿಕಾರಿ ಕೆಂಪು ಬಾವುಟ ಎತ್ತಿದರು. ಎರಡನೆಯ ಸಲ ಸಿರಿ ಅರ್ಧ ಹೆಜ್ಜೆ ಹಿಂದೆ ಸರಿದು ನಿಂತು, ಬಾಯಲ್ಲೇ ಎಣಿಸಿಕೊಂಡು ಓಡಿ ಹಾರಿದಳು. ಅಧಿಕಾರಿ ಅಳೆದು ನೋಡಿ, ಎಷ್ಟೆಂದು ಹೇಳದೆ, ಎತ್ತರ ಜಿಗಿತದ ಸಾಲಿನ ಕಡೆ ಕೈ ತೋರಿಸಿದರು. ಅದು ಅವಳಿಗೆ ಸುಲಭವಾಗಿತ್ತು.

ವೈದ್ಯಕೀಯ ಪರೀಕ್ಷೆ ಮುಗಿದು, ತಿಂಗಳ ಮೇಲೆ ಪಟ್ಟಿಯಲ್ಲಿ ಅವಳ ನಂಬರು ಬಂತು. ತರಬೇತಿಗೆ ಹೊರಟ ದಿನ ಹುಳುವಿಗೆ ಸೊಪ್ಪು ಹಾಕುವವರಿಲ್ಲವೆಂದು ಚೆಲುವಯ್ಯ ಮನೆಯಲ್ಲೇ ಉಳಿದ. ಮುನಿಯಮ್ಮ ರಾಮನಗರ ಸ್ಟೇಷನ್ನಿನವರೆಗೆ ಬಂದಳು.

"ಅಲ್ಲಿ ಮುದ್ದೆ ಕೊಡ್ತಾರಾ?"

"ಗೊತ್ತಿಲ್ಲ ಕಣವ್ವ. ಹೋಗಿ ನೋಡಿ ಹೇಳ್ತೀನಿ," ಎಂದು ಸಿರಿ ರೈಲು ಹತ್ತಿದಳು.